ಪರೀಕ್ಷಾ ತುಂಡಿನ ಗಾತ್ರ ಮತ್ತು ನಾರು ಬಲವರ್ಧಿತ ಸಂಯುಕ್ತ ವಸ್ತುಗಳ ಸಾಮರ್ಥ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಬನ್ ಅಥವಾ ಗಾಜಿನ ನಾರುಗಳನ್ನು ಎಪಾಕ್ಸಿಯಂಥ ರಾಳದಲ್ಲಿ ಹುದುಗಿಸಿ, ಪದರದ ಮೇಲೆ ಪದರವಿಟ್ಟು ತಯಾರಿಸುವ ಲ್ಯಾಮಿನೇಟುಗಳನ್ನು ಪರೀಕ್ಷಿಸುವವರಿಗೂ, ಆ ಪರೀಕ್ಷೆಯ ಅಂಕಿಗಳನ್ನು ನಂಬಿ ವಿನ್ಯಾಸ ಮಾಡುವವರಿಗೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದೆ. ಎಂಜಿನಿಯರಿಂಗ್ ಪದವಿಯ ಮಟ್ಟದ ವಸ್ತುವಿಜ್ಞಾನ ತಿಳಿದಿದ್ದರೆ ಓದಲು ಸಾಕು.

ಗಾತ್ರದ ಪರಿಣಾಮ ಎಂದರೆ ಏನು?

ವಸ್ತುವಿನ ಸಾಮರ್ಥ್ಯವನ್ನು ನಾವು ಪೀಡನದ ಲೆಕ್ಕದಲ್ಲಿ, ಅಂದರೆ ಅಡ್ಡಕೊಯ್ತದ ಒಂದು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ (ಅದನ್ನೇ ಇಷ್ಟು ಮೆಗಾಪಾಸ್ಕಲ್ ಎನ್ನುವುದೂ ಉಂಟು) ಎಂದು ಹೇಳುತ್ತೇವೆ. ಹೊರೆಯನ್ನು ವಿಸ್ತೀರ್ಣದಿಂದ ಭಾಗಿಸಿಯಾದ ಮೇಲೆ ತುಂಡು ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಅಂಕಿ ಬರಬೇಕು ಎಂಬುದು ಸಹಜ ನಿರೀಕ್ಷೆ. ಮೆದು ಉಕ್ಕಿನಲ್ಲಿ ಇದು ಬಹುಮಟ್ಟಿಗೆ ಈಡೇರುತ್ತದೆ. ಅದು ಮುರಿಯುವ ಮುನ್ನ ಹಿಗ್ಗಿ, ಹೆಚ್ಚು ಪೀಡನವಿರುವ ಜಾಗದ ಹೊರೆಯನ್ನು ಅಕ್ಕಪಕ್ಕಕ್ಕೆ ಹಂಚಿಬಿಡುತ್ತದೆ. ಕಾರ್ಬನ್ ನಾರಿಗೆ ಹಾಗೆ ಹಿಗ್ಗುವ ಗುಣವಿಲ್ಲ. ಅದರೊಳಗಿನ ಅಥವಾ ಮೇಲ್ಮೈಯ ಸೂಕ್ಷ್ಮ ದೋಷವೊಂದು ತನ್ನ ಮಿತಿ ಮುಟ್ಟಿದ ಕೂಡಲೇ ನಾರು ತುಂಡಾಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಅಂಥ ಕೆಟ್ಟ ದೋಷ ಅದರೊಳಗೆ ಸಿಕ್ಕುವ ಸಂಭವ ಹೆಚ್ಚುವುದರಿಂದ, ದೊಡ್ಡ ತುಂಡುಗಳ ಸರಾಸರಿ ಸಾಮರ್ಥ್ಯ ಇಳಿಯುತ್ತದೆ.

ಇಳಿಯುವುದು ಸಾಮರ್ಥ್ಯ ಮಾತ್ರ. ಬಿಗುವನ್ನು ಸೂಚಿಸುವ ಯಂಗ್ ಗುಣಾಂಕ ಇಡೀ ತುಂಡಿನ ಸರಾಸರಿ ಗುಣವಾದ್ದರಿಂದ ಗಾತ್ರದೊಂದಿಗೆ ಬದಲಾಗುವುದಿಲ್ಲ. ಬದಲಾದಂತೆ ಕಂಡರೆ ದಪ್ಪದ ಅಳತೆಯನ್ನೋ ನಾರಿನ ಪಾಲನ್ನೋ ಮೊದಲು ಅನುಮಾನಿಸಬೇಕು.

ಇದು ಸಂಯುಕ್ತ ವಸ್ತುಗಳೊಂದಿಗೆ ಹುಟ್ಟಿದ ಸಮಸ್ಯೆಯೇ?

ಅಲ್ಲ, ಬಹಳ ಹಳೆಯದು. ಲಿಯೊನಾರ್ಡೊ ಡ ವಿಂಚಿ ಕಬ್ಬಿಣದ ತಂತಿಗೆ ಬುಟ್ಟಿ ಕಟ್ಟಿ, ತಂತಿ ಹರಿಯುವ ತನಕ ಅದಕ್ಕೆ ಮರಳು ಸುರಿಸುವ ಪರೀಕ್ಷೆಯೊಂದನ್ನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಬೇರೆ ಬೇರೆ ಉದ್ದದ ತಂತಿಗಳನ್ನು ಹೀಗೆ ಪರೀಕ್ಷಿಸಬೇಕೆಂಬುದು ಅವನ ಸೂಚನೆ. ಉದ್ದದ ಹಗ್ಗದಲ್ಲಿ ದುರ್ಬಲ ಜಾಗ ಸಿಕ್ಕುವ ಸಂಭವ ಹೆಚ್ಚು ಎಂಬ ತರ್ಕವನ್ನು 17ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಮಾರಿಯೋಟ್ ಸ್ಪಷ್ಟವಾಗಿ ಮುಂದಿಟ್ಟಿದ್ದ.

ನಮ್ಮ ವಿಷಯಕ್ಕೆ ನೇರವಾಗಿ ತಟ್ಟುವುದು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಗಾಜಿನ ಎಳೆಗಳ ಪ್ರಯೋಗ. ಸುಮಾರು 1 ಮಿಲಿಮೀಟರ್ ದಪ್ಪದ ಗಾಜಿನ ಎಳೆ ಸುಮಾರು 170 ಮೆಗಾಪಾಸ್ಕಲಿಗೆ ಮುರಿದರೆ, ಅದೇ ಗಾಜಿನಿಂದ ಎಳೆದ 3.3 ಮೈಕ್ರಾನ್ ದಪ್ಪದ ಎಳೆ ಸುಮಾರು 3,400 ಮೆಗಾಪಾಸ್ಕಲ್ ತಾಳಿತು. ಇಂದಿನ ಗಾಜಿನ ನಾರಿನ ಸಂಯುಕ್ತಗಳೆಲ್ಲ ಈ ಇಪ್ಪತ್ತು ಪಟ್ಟು ಅಂತರದ ಮೇಲೆಯೇ ನಿಂತಿವೆ. ಹಾಗಾಗಿ ಗಾತ್ರದ ಪರಿಣಾಮವನ್ನು ಬರೀ ಪೀಡೆಯೆಂದು ಬಗೆಯುವುದು ಸರಿಯಲ್ಲ. ನಾರನ್ನು ತೆಳುವಾಗಿ ಎಳೆಯುವುದಕ್ಕೆ ಕಾರಣವೇ ಅದು.

1926ರಲ್ಲಿ ಪಿಯರ್ಸ್ ಹತ್ತಿಯ ನೂಲಿನ ಉದ್ದಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಸಂಭವನೀಯತೆಯ ಗಣಿತದಲ್ಲಿ ಕೂರಿಸಿದರು. 1939ರಲ್ಲಿ ಸ್ವೀಡನ್ನಿನ ವೈಬುಲ್ ಅದನ್ನು ಹಿಗ್ಗದೆ ಥಟ್ಟನೆ ಮುರಿಯುವ ಎಲ್ಲ ಬಿರುಸು ವಸ್ತುಗಳಿಗೂ ಅನ್ವಯವಾಗುವ ಸೂತ್ರವಾಗಿ ಕೊಟ್ಟರು. ಇಂದು ನಾವು ಬಳಸುವುದು ಅವರ ಹೆಸರಿನ ವಿತರಣೆಯನ್ನೇ.

ವೈಬುಲ್ ಸೂತ್ರ ಏನು ಹೇಳುತ್ತದೆ? ಒಂದೇ ನಾರಿಗೆ ಅದನ್ನು ಹಚ್ಚಿದರೆ ಎಷ್ಟು ಇಳಿಕೆ ಬರುತ್ತದೆ?

ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ. ಕೊಂಡಿಗಳು ಹೆಚ್ಚಿದಂತೆ ಅವುಗಳ ನಡುವೆ ತೀರಾ ದುರ್ಬಲವಾದುದೊಂದು ಇರುವ ಸಂಭವವೂ ಹೆಚ್ಚುತ್ತದೆ. ಸೂತ್ರದ ತಿರುಳು ಇಷ್ಟೇ. ಎರಡು ತುಂಡುಗಳ ಸಾಮರ್ಥ್ಯದ ಅನುಪಾತವು ಅವುಗಳ ಘನಗಾತ್ರದ ವಿಲೋಮ ಅನುಪಾತದ ಒಂದು ಘಾತವಾಗಿರುತ್ತದೆ, ಮತ್ತು ಆ ಘಾತವು ವೈಬುಲ್ ಘಾತಾಂಕದ ವ್ಯುತ್ಕ್ರಮ. ಘಾತಾಂಕ ಚಿಕ್ಕದಿದ್ದಷ್ಟೂ ಚದುರುವಿಕೆ ಹೆಚ್ಚು, ಗಾತ್ರದ ಪರಿಣಾಮವೂ ಹೆಚ್ಚು.

ಒಂಟಿ ಕಾರ್ಬನ್ ನಾರಿನಲ್ಲಿ ಈ ಘಾತಾಂಕ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿರುತ್ತದೆ. ಆಗ ಉದ್ದವನ್ನು ಹತ್ತು ಪಟ್ಟು ಹೆಚ್ಚಿಸಿದರೆ ಸಾಮರ್ಥ್ಯ ಮೊದಲಿನ ಶೇ. 63ಕ್ಕೆ ಇಳಿಯುತ್ತದೆ. ನಾರಿನ ಸಾಮರ್ಥ್ಯವನ್ನು ಹೇಳುವಾಗ ಪರೀಕ್ಷಿಸಿದ ಉದ್ದವನ್ನೂ ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ ಎನ್ನುವುದು ಇದಕ್ಕಾಗಿಯೇ. 25 ಮಿಲಿಮೀಟರ್ ಉದ್ದದಲ್ಲಿ ಪಡೆದ ಅಂಕಿಯನ್ನು 250 ಮಿಲಿಮೀಟರ್ ಉದ್ದದ ಒಣ ನಾರಿಗೆ ಹಾಗೆಯೇ ಒಯ್ಯುವಂತಿಲ್ಲ.

ಹಾಗಿದ್ದರೆ ವಿಮಾನದ ರೆಕ್ಕೆಯಷ್ಟು ದೊಡ್ಡ ಭಾಗ ತನ್ನ ಹೊರೆಯನ್ನು ತಾಳುವುದಾದರೂ ಹೇಗೆ?

ರಾಳ ಇರುವುದರಿಂದ. ಒಣ ನಾರು ಒಂದು ಕಡೆ ಮುರಿದರೆ ಅದರ ಇಡೀ ಉದ್ದ ವ್ಯರ್ಥವಾಗುತ್ತದೆ. ರಾಳದೊಳಗೆ ಹುದುಗಿರುವ ನಾರು ಮುರಿದಾಗ, ರಾಳವು ಜಾರುಪೀಡನದ (ಅಕ್ಕಪಕ್ಕದ ಮೈಗಳನ್ನು ಒಂದರ ಮೇಲೊಂದು ಜಾರಿಸುವ ಪೀಡನದ) ಮೂಲಕ ಹೊರೆಯನ್ನು ಪಕ್ಕದ ನಾರುಗಳಿಗೆ ದಾಟಿಸಿ, ಸ್ವಲ್ಪ ದೂರದಲ್ಲಿ ಅದೇ ಮುರಿದ ನಾರಿಗೆ ಮರಳಿಸುತ್ತದೆ. ಆ ದೂರದ ಅಂದಾಜು ಕೊಡುವುದು 1965ರ ಕೆಲ್ಲಿ–ಟೈಸನ್ ಸೂತ್ರ: ನಾರಿನ ಸಾಮರ್ಥ್ಯವನ್ನು ಅದರ ವ್ಯಾಸದಿಂದ ಗುಣಿಸಿ, ನಾರು–ರಾಳ ಬೆಸುಗೆಯ ಜಾರು ಸಾಮರ್ಥ್ಯದ ಎರಡರಷ್ಟರಿಂದ ಭಾಗಿಸಬೇಕು. 3,500 ಮೆಗಾಪಾಸ್ಕಲ್ ಸಾಮರ್ಥ್ಯದ, 7 ಮೈಕ್ರಾನ್ ವ್ಯಾಸದ ನಾರಿಗೆ, ಬೆಸುಗೆಯ ಸಾಮರ್ಥ್ಯ 50 ಮೆಗಾಪಾಸ್ಕಲ್ ಎಂದಿಟ್ಟುಕೊಂಡರೆ, ಈ ಉದ್ದ ಸುಮಾರು ಕಾಲು ಮಿಲಿಮೀಟರ್. ಅಂದರೆ ಒಂದು ಮುರಿತದ ಹಾನಿ ಅಷ್ಟರೊಳಗೇ ಮುಗಿಯುತ್ತದೆ. ಲ್ಯಾಮಿನೇಟ್ ಒಟ್ಟಾರೆ ಮುರಿಯಬೇಕಾದರೆ ಅಕ್ಕಪಕ್ಕದ ಹಲವು ನಾರುಗಳು ಒಂದೇ ನೆರೆಯಲ್ಲಿ ಮುರಿದು ಗುಂಪುಗೂಡಬೇಕು, ಅದು ಅಪರೂಪದ ಘಟನೆ.

ಇದರಿಂದಾಗಿ ನಾರುಗಳೆಲ್ಲ ಒಂದೇ ದಿಕ್ಕಿಗಿರುವ ಸಂಯುಕ್ತದ ವೈಬುಲ್ ಘಾತಾಂಕ ಸಾಮಾನ್ಯವಾಗಿ 20ರಿಂದ 40ರ ನಡುವೆ ಇರುತ್ತದೆ. 25 ಎಂದು ಹಿಡಿದರೆ, ಉದ್ದ, ಅಗಲ, ದಪ್ಪ ಮೂರನ್ನೂ ಇಮ್ಮಡಿಗೊಳಿಸಿದಾಗ ಇಳಿಕೆ ಸುಮಾರು ಶೇ. 8, ಘನಗಾತ್ರ ಸಾವಿರ ಪಟ್ಟು ಹೆಚ್ಚಿದರೆ ಸುಮಾರು ಶೇ. 24. ಒಂಟಿ ನಾರಿನ ಲೆಕ್ಕದಲ್ಲಿ ಅದೇ ಸಾವಿರ ಪಟ್ಟಿಗೆ ಶೇ. 75ರಷ್ಟು ಕಳೆದುಹೋಗುತ್ತಿತ್ತು. ಆದರೆ ಉಳಿದ ಶೇ. 24ನ್ನು ನಗಣ್ಯ ಎನ್ನಲಾಗದು. ಸುರಕ್ಷತಾ ಗುಣಕ 1.5 ಇರುವ ವಿನ್ಯಾಸದಲ್ಲಿ ಅದು ಗುಣಕದ ದೊಡ್ಡ ಪಾಲನ್ನೇ ತಿಂದುಹಾಕುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಒಂದೇ ಗಾತ್ರದ ತುಂಡುಗಳಿವೆ. ಘಾತಾಂಕವನ್ನು ಅಂದಾಜು ಮಾಡಬಹುದೇ?

ಸ್ಥೂಲವಾಗಿ ಮಾಡಬಹುದು. ಫಲಿತಾಂಶಗಳ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ಬಂದ ಅಂಕಿಯಿಂದ 1.2ನ್ನು ಭಾಗಿಸಿದರೆ ಘಾತಾಂಕ ಹತ್ತಿರಹತ್ತಿರ ಸಿಗುತ್ತದೆ: ಚದುರುವಿಕೆ ಶೇ. 5 ಇದ್ದರೆ ಘಾತಾಂಕ ಸುಮಾರು 24. ಆದರೆ ಐದಾರು ತುಂಡುಗಳಿಂದ ಪಡೆದ ಘಾತಾಂಕವನ್ನು ಸಾವಿರ ಪಟ್ಟು ದೊಡ್ಡ ರಚನೆಗೆ ಹಿಗ್ಗಿಸುವುದು ಲೆಕ್ಕದ ರೂಪದಲ್ಲಿರುವ ಊಹೆಯೇ ಸರಿ. ಗ್ರಿಪ್ಪಿನ ಓರೆ, ಟ್ಯಾಬಿನ (ಹಿಡಿತದ ಜಾಗದಲ್ಲಿ ತುಂಡಿಗೆ ಅಂಟಿಸುವ ಪಟ್ಟಿಯ) ಅಂಟು, ಕತ್ತರಿಸಿದ ಅಂಚಿನ ಒರಟುತನ ಇವೆಲ್ಲ ಆ ಶೇ. 5ರೊಳಗೇ ಸೇರಿರುತ್ತವೆ; ಅವು ವಸ್ತುವಿನ ಗುಣವಲ್ಲ. ಸಾಧ್ಯವಾದರೆ ಕನಿಷ್ಠ ಎರಡು, ಉತ್ತಮವಾಗಿ ಮೂರು ಗಾತ್ರಗಳಲ್ಲಿ ಪರೀಕ್ಷಿಸಿ, ಸರಾಸರಿಗಳ ಇಳಿಜಾರಿನಿಂದಲೇ ಘಾತಾಂಕ ತೆಗೆಯುವುದು ಮೇಲು.

ದಪ್ಪ ಹೆಚ್ಚಿಸಿದರೆ ಸಾಮರ್ಥ್ಯ ಇಳಿಯುತ್ತದೆಯೇ?

ದಪ್ಪವನ್ನು ಹೇಗೆ ಹೆಚ್ಚಿಸಿದಿರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಈ ಒಂದು ಮಾತನ್ನು ಗಮನಿಸದೆ ಹೊರಬಂದ ಪರೀಕ್ಷಾ ವರದಿಗಳು ಬೇಕಾದಷ್ಟಿವೆ.

ನಾಲ್ಕು ದಿಕ್ಕುಗಳ ಒಂದು ಜೋಡಣೆಯನ್ನು ತೆಗೆದುಕೊಳ್ಳಿ: 45, 90, ಋಣ 45, 0 ಡಿಗ್ರಿ. ಇದನ್ನು ದಪ್ಪ ಮಾಡಲು ಎರಡು ದಾರಿಗಳಿವೆ. ಪ್ರತಿ ದಿಕ್ಕಿನ ಪದರವನ್ನೂ ಒಂದರ ಮೇಲೊಂದು ಎರಡೋ ನಾಲ್ಕೋ ಸಲ ಇಟ್ಟು ದಪ್ಪ ಕಟ್ಟುಗಳನ್ನು ಮಾಡಬಹುದು. ಅಥವಾ ಇಡೀ ನಾಲ್ಕು ದಿಕ್ಕಿನ ಗುಂಪನ್ನೇ ಮತ್ತೆ ಮತ್ತೆ ಪುನರಾವರ್ತಿಸಬಹುದು. ಒಟ್ಟು ದಪ್ಪ ಒಂದೇ, ಪ್ರತಿ ದಿಕ್ಕಿನ ನಾರಿನ ಪಾಲೂ ಒಂದೇ, ಲ್ಯಾಮಿನೇಟ್ ಸಿದ್ಧಾಂತ ಕೊಡುವ ಎಳೆತದ ಬಿಗುವೂ ಒಂದೇ. ಮುರಿಯುವ ಬಗೆ ಮಾತ್ರ ಬೇರೆ. 1990ರ ದಶಕದ ಆರಂಭದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದ ಬೆಂಬಲದಿಂದ ನಡೆದ ಅಧ್ಯಯನಗಳು ಈ ಎರಡು ದಾರಿಗಳನ್ನು ಎದುರುಬದುರಾಗಿಟ್ಟು ಪರೀಕ್ಷಿಸಿದವು; ದಪ್ಪ ಕಟ್ಟುಗಳ ದಾರಿಯಲ್ಲಿ ಸಾಮರ್ಥ್ಯ ಗಣನೀಯವಾಗಿ ಕುಸಿಯುವುದನ್ನು ಅವು ತೋರಿಸಿದವು.

ಕಾರಣ ಶಕ್ತಿಯ ಲೆಕ್ಕದಲ್ಲಿದೆ. 90 ಡಿಗ್ರಿ ಪದರದಲ್ಲಿ ನಾರುಗಳು ಹೊರೆಗೆ ಅಡ್ಡಲಾಗಿರುವುದರಿಂದ ಅಲ್ಲಿ ಮೊದಲು ಬಿರುಕು ಬೀಳುತ್ತದೆ. ಆ ಬಿರುಕು ಬೆಳೆಯಲು ಬೇಕಾದ ಶಕ್ತಿ ಒದಗುವುದು ಆ ಪದರದ ದಪ್ಪದಲ್ಲಿ ಕೂಡಿಕೊಂಡಿರುವ ವಿಕೃತಿ (ಹೊರೆಯಿಂದ ಆಗುವ ಹಿಗ್ಗಿನ ಅನುಪಾತ) ಶಕ್ತಿಯಿಂದ. ಪದರ ತೆಳುವಾದಷ್ಟೂ ಬಿಡುಗಡೆಯಾಗುವ ಶಕ್ತಿ ಕಡಿಮೆ, ಹಾಗಾಗಿ ಬಿರುಕಿಗೆ ಹೆಚ್ಚು ವಿಕೃತಿ ಬೇಕು. ಸ್ಥೂಲವಾಗಿ, ಬಿರುಕು ಬೀಳುವ ವಿಕೃತಿ ಪದರದ ದಪ್ಪದ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ: ಕಟ್ಟನ್ನು ನಾಲ್ಕು ಪಟ್ಟು ದಪ್ಪ ಮಾಡಿದರೆ ಅರ್ಧಕ್ಕಿಳಿಯುತ್ತದೆ. 1978ರಲ್ಲಿ ಪರ್ವೀಜಿ, ಗ್ಯಾರೆಟ್ ಮತ್ತು ಬೇಲಿ ಗಾಜಿನ ನಾರಿನ ಲ್ಯಾಮಿನೇಟುಗಳ ಮೇಲೆ ಇದನ್ನು ಪ್ರಯೋಗದಿಂದ ತೋರಿಸಿದರು. ಒಳಗಿನ 90 ಡಿಗ್ರಿ ಪದರ ಸುಮಾರು 0.1 ಮಿಲಿಮೀಟರಿನಷ್ಟು ತೆಳುವಾದಾಗ ಅಡ್ಡ ಬಿರುಕು ಬಹುಮಟ್ಟಿಗೆ ಅಡಗಿಯೇ ಹೋಯಿತು. ಹೀಗಾಗಿ ಒಂದು ಪದರದ ಅಡ್ಡ ಸಾಮರ್ಥ್ಯ ಎಂಬ ಅಂಕಿ ಆ ಪದರ ಎಲ್ಲಿದೆ, ಅದರ ನೆರೆಯಲ್ಲಿ ಏನಿದೆ ಎನ್ನುವುದನ್ನೂ ಅವಲಂಬಿಸಿದೆ. ಸಾಮಾನ್ಯ ಪ್ರಿಪ್ರೆಗ್ (ಮೊದಲೇ ರಾಳ ಉಣಿಸಿದ ನಾರಿನ) ಪದರ 0.125 ಮಿಲಿಮೀಟರಿನಿಂದ 0.25 ಮಿಲಿಮೀಟರ್ ದಪ್ಪವಿದ್ದರೆ, ನಾರಿನ ಕಟ್ಟನ್ನು ಹರಡಿ ತಯಾರಿಸುವ ತೆಳು ಪದರಗಳು ಅದಕ್ಕಿಂತ ಹಲವು ಪಟ್ಟು ತೆಳು. ಅವುಗಳ ಮೇಲಿನ ಆಸಕ್ತಿಗೆ ಮೂಲ ಈ ಲೆಕ್ಕವೇ.

ಗುಂಪನ್ನು ಪುನರಾವರ್ತಿಸುವ ದಾರಿಯಲ್ಲಿ ಪದರದ ದಪ್ಪ ಬದಲಾಗುವುದಿಲ್ಲ, ಆದ್ದರಿಂದ ಸಾಮರ್ಥ್ಯವೂ ಹೆಚ್ಚು ಬದಲಾಗದೆ ಉಳಿಯುತ್ತದೆ. ತೀರಾ ತೆಳುವಾದ ಲ್ಯಾಮಿನೇಟಿನಲ್ಲಿ ಹೊರಗಿನ ಪದರಕ್ಕೆ ಒಂದೇ ಬದಿಯ ಆಸರೆ ಇರುವುದರಿಂದ, ಗುಂಪುಗಳು ಹೆಚ್ಚಿದಾಗ ಸಾಮರ್ಥ್ಯ ಕೊಂಚ ಏರುವುದೂ ಉಂಟು. ದಪ್ಪ ಹೆಚ್ಚಾಯಿತು, ಆದ್ದರಿಂದ ವೈಬುಲ್ ಪ್ರಕಾರ ಇಳಿಯಲೇಬೇಕು ಎಂದು ಕಣ್ಣುಮುಚ್ಚಿ ಸೂತ್ರ ಹಚ್ಚುವವರು ಇಲ್ಲಿ ಎಡವುತ್ತಾರೆ.

ರಂಧ್ರವಿರುವ ತುಂಡಿನಲ್ಲಿ, ರಂಧ್ರ ಮತ್ತು ಅಗಲದ ಅನುಪಾತ ಒಂದೇ ಇದ್ದರೂ ಸಾಮರ್ಥ್ಯ ಏಕೆ ಬದಲಾಗುತ್ತದೆ?

ದೊಡ್ಡ ತಟ್ಟೆಯಲ್ಲಿನ ದುಂಡು ರಂಧ್ರದ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆ. ರಂಧ್ರ ಸಣ್ಣದಿರಲಿ ದೊಡ್ಡದಿರಲಿ ಈ ಮೂರು ಬದಲಾಗದು. ಬದಲಾಗುವುದು, ಅಂಚಿನಿಂದ ಎಷ್ಟು ದೂರದವರೆಗೆ ಆ ಹೆಚ್ಚಿದ ಪೀಡನ ಹರಡಿದೆ ಎಂಬುದು. ಸಣ್ಣ ರಂಧ್ರದ ಪಕ್ಕದಲ್ಲಿ ಅದು ಒಂದು ಮಿಲಿಮೀಟರಿನೊಳಗೇ ತಗ್ಗಿಬಿಡುತ್ತದೆ, ದೊಡ್ಡ ರಂಧ್ರದ ಪಕ್ಕದಲ್ಲಿ ಹಲವು ಮಿಲಿಮೀಟರ್ ಹಬ್ಬಿರುತ್ತದೆ. ಆದರೆ ವಸ್ತುವಿನಲ್ಲಿ ಹಾನಿ ಬೆಳೆಯುವ ವಲಯದ ಅಗಲ ರಂಧ್ರದೊಂದಿಗೆ ಹಿಗ್ಗುವುದಿಲ್ಲ. ಅದು ವಸ್ತುವಿನದೇ ಆದ ಉದ್ದ.

1974ರಲ್ಲಿ ವಿಟ್ನಿ ಮತ್ತು ನ್ಯೂಯಿಸ್ಮರ್ ಕೊಟ್ಟ ಸರಳ ನಿಯಮ ಇದನ್ನೇ ಹಿಡಿಯುತ್ತದೆ: ಅಂಚಿನಿಂದ ಒಂದು ನಿಶ್ಚಿತ ದೂರದಲ್ಲಿ, ಸುಮಾರು 1 ಮಿಲಿಮೀಟರಿನಲ್ಲಿ, ಪೀಡನವು ರಂಧ್ರವಿಲ್ಲದ ಲ್ಯಾಮಿನೇಟಿನ ಸಾಮರ್ಥ್ಯವನ್ನು ಮುಟ್ಟಿದಾಗ ತುಂಡು ಮುರಿಯುತ್ತದೆ. ಆ ದೂರ ಸರಿಯಾಗಿ 1 ಮಿಲಿಮೀಟರ್ ಎಂದಿಟ್ಟು ಲೆಕ್ಕ ಹಾಕಿದರೆ, 3 ಮಿಲಿಮೀಟರ್ ವ್ಯಾಸದ ರಂಧ್ರವಿರುವ ಅಗಲವಾದ ತಟ್ಟೆ ತನ್ನ ಮೂಲ ಸಾಮರ್ಥ್ಯದ ಸುಮಾರು ಶೇ. 73ನ್ನು ಉಳಿಸಿಕೊಳ್ಳುತ್ತದೆ, 6 ಮಿಲಿಮೀಟರಿಗೆ ಸುಮಾರು ಶೇ. 57, 24 ಮಿಲಿಮೀಟರಿಗೆ ಸುಮಾರು ಶೇ. 40. ರಂಧ್ರ ಇನ್ನೂ ದೊಡ್ಡದಾದಂತೆ ಇದು ಮೂರನೇ ಒಂದರತ್ತ ಸಾಗುತ್ತದೆ. ವೈಬುಲ್ ಪರಿಣಾಮದ ಶೇ. 8ರ ಪಕ್ಕದಲ್ಲಿಟ್ಟು ನೋಡಿದರೆ, ವಿನ್ಯಾಸಕಾರ ಮೊದಲು ಚಿಂತಿಸಬೇಕಾದ ಗಾತ್ರ ಯಾವುದೆಂದು ತಿಳಿಯುತ್ತದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬಜಾಂತ್ 1984ರಲ್ಲಿ ಕಾಂಕ್ರೀಟಿನಂಥ ವಸ್ತುಗಳಿಗಾಗಿ ರೂಪಿಸಿದ ಗಾತ್ರ ನಿಯಮವೂ ದೋಷಗಳ ಸಂಭವವನ್ನಲ್ಲ, ಶಕ್ತಿಯ ಲೆಕ್ಕವನ್ನು ಆಧರಿಸಿದ್ದು.

ಇದಕ್ಕೆ ಒಂದು ತಿರುವು ಇದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ 2000ರ ದಶಕದಲ್ಲಿ ಕಾರ್ಬನ್–ಎಪಾಕ್ಸಿ ತುಂಡುಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ, ಪದರಗಳು ತೆಳುವಾಗಿ ಹಂಚಿಕೊಂಡಿದ್ದ ತುಂಡುಗಳು ನಾರು ಮುರಿದು ವಿಫಲವಾಗಿ, ರಂಧ್ರ ದೊಡ್ಡದಾದಂತೆ ಸಾಮರ್ಥ್ಯ ಇಳಿಯಿತು. ಅದೇ ವಸ್ತುವಿನ ದಪ್ಪ ಕಟ್ಟುಗಳ ತುಂಡುಗಳು ಪದರಗಳು ಬೇರ್ಪಟ್ಟು ವಿಫಲವಾದವು. ಅವುಗಳಲ್ಲಿ ರಂಧ್ರ ದೊಡ್ಡದಾದಂತೆ ಸಾಮರ್ಥ್ಯ ಏರಿತು. ಒಂದೇ ವಸ್ತು, ಒಂದೇ ದಿಕ್ಕುಗಳು, ವಿರುದ್ಧ ಪ್ರವೃತ್ತಿ. ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡದೆ, ಅಂಕಿಯನ್ನಷ್ಟೇ ಗ್ರಾಫಿಗೆ ಏರಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಬಾಗು ಪರೀಕ್ಷೆಯಲ್ಲಿ ಎಳೆತದ ಪರೀಕ್ಷೆಗಿಂತ ಹೆಚ್ಚಿನ ಅಂಕಿ ಬರುತ್ತದೆ. ಯಾವುದನ್ನು ನಂಬಬೇಕು?

ಎರಡೂ ನಿಜ, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಮೂರು ಬಿಂದುಗಳ ಬಾಗು ಪರೀಕ್ಷೆಯಲ್ಲಿ ಗರಿಷ್ಠ ಪೀಡನ ಇರುವುದು ನಡು ರೋಲರಿನ ಎದುರಿನ ಮೇಲ್ಮೈಯ ಸಣ್ಣ ಪಟ್ಟಿಯಲ್ಲಿ ಮಾತ್ರ, ಹಾಗಾಗಿ ಪರೀಕ್ಷೆಗೆ ಒಳಪಟ್ಟ ಪರಿಣಾಮಕಾರಿ ಘನಗಾತ್ರ ಬಹಳ ಚಿಕ್ಕದು. ವೈಬುಲ್ ಘಾತಾಂಕ 25 ಎಂದಾದರೆ ಅಷ್ಟೇ ಗಾತ್ರದ ಎಳೆತದ ತುಂಡಿಗಿಂತ ಬಾಗು ಸಾಮರ್ಥ್ಯ ಸುಮಾರು ಮೂರನೇ ಒಂದರಷ್ಟು ಹೆಚ್ಚು ಬರಬೇಕೆಂದು ಲೆಕ್ಕ ಹೇಳುತ್ತದೆ. ಮಾರಾಟದ ಮಾಹಿತಿ ಹಾಳೆಯಲ್ಲಿ ಬಾಗು ಸಾಮರ್ಥ್ಯವನ್ನು ಮುಂದಿಟ್ಟು ಎಳೆತದ ಸಾಮರ್ಥ್ಯವನ್ನು ಬಿಟ್ಟಿದ್ದರೆ, ಕೇಳಿ ಪಡೆಯಿರಿ.

ಇಲ್ಲಿ ಅನುಪಾತವೂ ಮುಖ್ಯ. ಮೂರು ಬಿಂದುಗಳ ಬಾಗಿನಲ್ಲಿ ಗರಿಷ್ಠ ಬಾಗು ಪೀಡನವು ಗರಿಷ್ಠ ಜಾರುಪೀಡನದ ಎಷ್ಟು ಪಟ್ಟು ಎಂಬುದು, ಆಧಾರಗಳ ನಡುವಿನ ಅಂತರ ದಪ್ಪದ ಎಷ್ಟು ಪಟ್ಟಿದೆಯೋ ಅದರ ಎರಡರಷ್ಟು. ಅಂತರ ದಪ್ಪದ 32 ಪಟ್ಟಿದ್ದರೆ 64. 4 ಪಟ್ಟಿದ್ದರೆ ಬರೀ 8. ಎಎಸ್‌ಟಿಎಂ (ಅಮೆರಿಕದ ಮಾನಕ ಸಂಸ್ಥೆ) ಡಿ7264 ಬಾಗು ಪರೀಕ್ಷೆಗೆ 32ನ್ನೂ, ಪದರಗಳ ನಡುವಿನ ಜಾರು ಸಾಮರ್ಥ್ಯ ಅಳೆಯುವ ಡಿ2344 ಗಿಡ್ಡ ತೊಲೆಗೆ 4ನ್ನೂ ಇಟ್ಟುಕೊಂಡಿರುವುದು ಇದಕ್ಕೇ. ತಟ್ಟೆ ದಪ್ಪವಿದೆಯೆಂದು ಅಂತರವನ್ನು ಹೆಚ್ಚಿಸದೆ ಹಳೆಯ ಜಿಗ್ಗಿನಲ್ಲೇ ಬಾಗಿಸಿದರೆ, ನೀವು ಬಾಗು ಸಾಮರ್ಥ್ಯವೆಂದು ಬರೆದುಕೊಳ್ಳುವುದು ವಾಸ್ತವದಲ್ಲಿ ಜಾರು ವೈಫಲ್ಯದ ಅಂಕಿಯಾಗಿರುತ್ತದೆ.

ಒತ್ತು ಪರೀಕ್ಷೆಯಲ್ಲೂ ಹೀಗೆಯೇ?

ಒತ್ತುವಾಗ ನಾರು ಮುರಿಯುವುದಕ್ಕಿಂತ ಮೊದಲು ಸೊಟ್ಟಗಾಗುತ್ತದೆ. ರಾಳ ಅದನ್ನು ಎಷ್ಟು ನೆಟ್ಟಗೆ ಹಿಡಿದಿದೆ, ನಾರು ಮೊದಲೇ ಎಷ್ಟು ಓರೆಯಾಗಿತ್ತು ಎಂಬುದೇ ಸಾಮರ್ಥ್ಯವನ್ನು ನಿರ್ಧರಿಸುತ್ತದೆ. ಒಂದೆರಡು ಡಿಗ್ರಿ ಓರೆಯೂ ಸಾಮರ್ಥ್ಯವನ್ನು ಗಮನಾರ್ಹವಾಗಿ ಕುಗ್ಗಿಸುತ್ತದೆ. ದಪ್ಪ ಲ್ಯಾಮಿನೇಟುಗಳಲ್ಲಿ ಪದರಗಳು ಒತ್ತಿಕೊಳ್ಳುವಾಗ ನಾರು ಅಲೆಯಲೆಯಾಗುವುದು ಹೆಚ್ಚು, ಆದ್ದರಿಂದ ಅಲ್ಲಿ ಕಾಣುವ ಇಳಿಕೆಯ ಬಹುಪಾಲು ತಯಾರಿಕೆಯದು. ಇನ್ನೊಂದು ತೊಡಕು: ತುಂಡಿನ ಬಿಡುವಿನ ಉದ್ದ ಹೆಚ್ಚಾದರೆ ಇಡೀ ತುಂಡೇ ಕಂಬದಂತೆ ಬಾಗಿಬಿಡುತ್ತದೆ. ಎಎಸ್‌ಟಿಎಂ ಡಿ6641 ಪದ್ಧತಿಯಲ್ಲಿ 140 ಮಿಲಿಮೀಟರ್ ಉದ್ದದ ತುಂಡಿನಲ್ಲಿ ಹಿಡಿತದ ನಡುವೆ ಬಿಡುವುದು ಸುಮಾರು 13 ಮಿಲಿಮೀಟರ್ ಮಾತ್ರ.

ದಪ್ಪ ಭಾಗದಲ್ಲಿ ತಯಾರಿಕೆಯ ದೋಷ ಮತ್ತು ಗಾತ್ರದ ಪರಿಣಾಮ ಎರಡನ್ನೂ ಬೇರ್ಪಡಿಸುವುದು ಹೇಗೆ?

ನಾರಿನ ಪಾಲು, ರಂಧ್ರಾಂಶ (ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪಾಲು), ನಾರಿನ ಓರೆ ಈ ಮೂರನ್ನೂ ಪ್ರತಿ ಗಾತ್ರದ ತಟ್ಟೆಯಿಂದಲೂ ಅಳೆಯಬೇಕು, ಬೇರೆ ದಾರಿಯಿಲ್ಲ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ, ದಪ್ಪ ತಟ್ಟೆಯ ನಡುವಿನಲ್ಲಿ ಆ ಶಾಖಕ್ಕೆ ಹೊರಗೆ ಹೋಗಲು ದಾರಿ ಸಾಲದು, ಒಳಗೂ ಹೊರಗೂ ಬೇರೆ ಬೇರೆ ವೇಗದಲ್ಲಿ ರಾಳ ಕುದುರುತ್ತದೆ. ಗಾಳಿಗುಳ್ಳೆಗಳೂ ಸಿಕ್ಕಿಬೀಳುತ್ತವೆ. ರಂಧ್ರಾಂಶ ಶೇ. 4ರವರೆಗೆ ಏರುವಾಗ, ಪ್ರತಿ ಶೇ. 1ಕ್ಕೆ ಪದರಗಳ ನಡುವಿನ ಜಾರು ಸಾಮರ್ಥ್ಯ ಸುಮಾರು ಶೇ. 7 ಇಳಿಯುತ್ತದೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಹೀಗಿರುವಾಗ ಬೇರೆ ಬೇರೆ ದಿನ ಬೇರೆ ಬೇರೆ ಅಚ್ಚಿನಲ್ಲಿ ಮಾಡಿದ ತೆಳು ಮತ್ತು ದಪ್ಪ ತಟ್ಟೆಗಳನ್ನು ಹೋಲಿಸಿ ಗಾತ್ರದ ನಿಯಮ ಸಾರುವುದು ದುಡುಕು.

ಎಳೆತದ ಪರೀಕ್ಷೆಗೆ ಯಾವ ಅಳತೆಯ ತುಂಡು ಬೇಕು? ವಸ್ತು ಕಡಿಮೆಯಿದ್ದರೆ ಚಿಕ್ಕದು ಮಾಡಬಹುದೇ?

ಎಎಸ್‌ಟಿಎಂ ಡಿ3039 ಸೂಚಿಸುವುದು, ನಾರುಗಳೆಲ್ಲ 0 ಡಿಗ್ರಿಯಲ್ಲಿದ್ದರೆ 250 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ. 90 ಡಿಗ್ರಿಗೆ 175, 25 ಮತ್ತು 2 ಮಿಲಿಮೀಟರ್. ಪ್ರತಿ ಸ್ಥಿತಿಗೆ ಕನಿಷ್ಠ ಐದು ತುಂಡುಗಳು. ಚಿಕ್ಕದು ಮಾಡುವುದಕ್ಕೆ ಯಂತ್ರ ಅಡ್ಡಬರುವುದಿಲ್ಲ, ಆದರೆ ಹಲವು ವಿಚಾರಗಳು ಅಡ್ಡಬರುತ್ತವೆ. ಓರೆ ಪದರಗಳಿರುವ ಲ್ಯಾಮಿನೇಟಿನ ಅಂಚಿನಲ್ಲಿ, ಸುಮಾರು ತುಂಡಿನ ದಪ್ಪದಷ್ಟು ಅಗಲದ ಪಟ್ಟಿಯಲ್ಲಿ, ಪದರಗಳನ್ನು ಒಂದರಿಂದೊಂದು ಸೀಳುವ ಪೀಡನಗಳು ಎದ್ದಿರುತ್ತವೆ. 1970ರಲ್ಲಿ ಪೈಪ್ಸ್ ಮತ್ತು ಪಗಾನೊ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಅಗಲ 25ರಿಂದ 8 ಮಿಲಿಮೀಟರಿಗೆ ಇಳಿದರೆ ಆ ಪಟ್ಟಿಯ ಪಾಲು ಮೂರು ಪಟ್ಟಾಗುತ್ತದೆ, ಮತ್ತು ಇಲ್ಲಿ ಚಿಕ್ಕ ತುಂಡೇ ದುರ್ಬಲವಾಗಿ ಕಾಣುತ್ತದೆ. ನೇಯ್ದ ಬಟ್ಟೆಯ ಬಲವರ್ಧನೆಯಾದರೆ, ಅಗಲದಲ್ಲಿ ನೇಯ್ಗೆಯ ಮಾದರಿ ಕನಿಷ್ಠ ಎರಡು ಸಲವಾದರೂ ಪೂರ್ತಿಯಾಗಿ ಬರಬೇಕು.

ವಜ್ರದ ಅಲಗಿನಿಂದ ನೀರು ಹರಿಸುತ್ತ ಕತ್ತರಿಸಿ, ಅಂಚನ್ನು ನುಣುಪಿನ ಮರಳುಕಾಗದದಿಂದ ಉಜ್ಜಿ, ಅಗಲ ಮತ್ತು ದಪ್ಪವನ್ನು ಮೂರು ಕಡೆ ಮೈಕ್ರೋಮೀಟರಿನಲ್ಲಿ ಅಳೆಯುವುದು ರೂಢಿ. 1 ಮಿಲಿಮೀಟರ್ ದಪ್ಪದಲ್ಲಿ 0.05 ತಪ್ಪಿದರೆ ಸಾಮರ್ಥ್ಯದಲ್ಲಿ ಶೇ. 5 ತಪ್ಪುತ್ತದೆ; 4 ಮಿಲಿಮೀಟರಿನಲ್ಲಿ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು. ಈ ಅಳತೆಯ ತಪ್ಪೂ ಗಾತ್ರದ ಪರಿಣಾಮದ ವೇಷದಲ್ಲಿ ಬರಬಲ್ಲದು. ತುಂಡು ಗ್ರಿಪ್ಪಿನೊಳಗೆ ಅಥವಾ ಟ್ಯಾಬಿನ ಅಂಚಿನಲ್ಲೇ ಮುರಿದರೆ ಆ ಅಂಕಿಯನ್ನು ಉಳಿದವುಗಳ ಜೊತೆ ಸೇರಿಸುವ ಮುನ್ನ ಯೋಚಿಸಿ. ದೊಡ್ಡ ತುಂಡಿಗೆ ಹೆಚ್ಚು ಹೊರೆ, ಹೆಚ್ಚು ಹೊರೆಗೆ ಬಿಗಿಯಾದ ಹಿಡಿತ, ಬಿಗಿಯಾದ ಹಿಡಿತದಿಂದ ಬೇಗನೆ ಮುರಿತ. ಹೀಗೆ ಹುಟ್ಟಿದ ಇಳಿಕೆಗೂ ವಸ್ತುವಿಗೂ ಸಂಬಂಧವಿಲ್ಲ.

ಕಾಂಕ್ರೀಟಿಗೆ ಹಾಕುವ ಗಾಜಿನ ನಾರಿನ ಸರಳುಗಳಲ್ಲಿ ವ್ಯಾಸ ಹೆಚ್ಚಿದರೆ?

ಇಳಿಯುತ್ತದೆ, ಅದೂ ಜೋರಾಗಿ. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಮಾರ್ಗದರ್ಶಿ ಉಲ್ಲೇಖಿಸುವ ಪರೀಕ್ಷೆಗಳಲ್ಲಿ, ಮೂರು ತಯಾರಕರ ಸರಳುಗಳ ವ್ಯಾಸ 9.5ರಿಂದ 22.2 ಮಿಲಿಮೀಟರಿಗೆ ಏರಿದಾಗ ಸಾಮರ್ಥ್ಯ ಶೇ. 40ರವರೆಗೆ ಕುಸಿದಿತ್ತು. ಹಿಡಿತ ಸರಳಿನ ಹೊರಮೈ ಮೇಲಿರುವುದರಿಂದ ಹೊರಗಿನ ನಾರುಗಳು ಪೂರ್ತಿ ಹೊರೆ ಹೊರುತ್ತವೆ, ರಾಳದ ಮೂಲಕ ನಡುವಿನ ನಾರುಗಳಿಗೆ ತಲುಪುವುದು ಅದಕ್ಕಿಂತ ಕಡಿಮೆ. ತಯಾರಕರು ಪ್ರತಿ ವ್ಯಾಸಕ್ಕೂ ಬೇರೆ ಸಾಮರ್ಥ್ಯ ಕೊಡುವುದು ಸರಿ. ಚಿಕ್ಕ ಸರಳಿನ ಅಂಕಿಯನ್ನು ದೊಡ್ಡದಕ್ಕೆ ಬಳಸುವುದು ತಪ್ಪು.

ಹಾಗಾದರೆ ದೊಡ್ಡ ರಚನೆಗಳನ್ನು ಯಾವ ಆಧಾರದ ಮೇಲೆ ವಿನ್ಯಾಸ ಮಾಡುತ್ತಾರೆ?

ಸೂತ್ರದ ಮೇಲಲ್ಲ, ಮೆಟ್ಟಿಲುಗಳ ಮೇಲೆ. ಕೆಳಗಿನ ಮೆಟ್ಟಿಲಿನಲ್ಲಿ ಬಹಳಷ್ಟು ಚಿಕ್ಕ ತುಂಡುಗಳ ಪರೀಕ್ಷೆ ನಡೆದು ಅಂಕಿಅಂಶದ ಆಧಾರವಿರುವ ಮಿತಿಗಳು ದೊರೆಯುತ್ತವೆ: ಎ-ಮಿತಿ ಎಂದರೆ ಶೇ. 99ರಷ್ಟು ತುಂಡುಗಳು, ಬಿ-ಮಿತಿ ಎಂದರೆ ಶೇ. 90ರಷ್ಟು ತುಂಡುಗಳು ಅದಕ್ಕಿಂತ ಮೇಲಿರುತ್ತವೆ ಎಂದು ಶೇ. 95 ವಿಶ್ವಾಸದಿಂದ ಹೇಳಬಹುದಾದ ಅಂಕಿ. ಅದರ ಮೇಲೆ ರಂಧ್ರ, ಬೋಲ್ಟು, ಅಂಟಿಸಿದ ಕೂಡು ಇರುವ ತುಂಡುಗಳು. ಅದರ ಮೇಲೆ ಬಿಗಿಪಟ್ಟಿಗಳಿರುವ ಹಲಗೆಗಳು. ಕೊನೆಗೆ ಪೂರ್ಣ ಗಾತ್ರದ ರೆಕ್ಕೆಯೋ ಒಡಲೋ. ಮೇಲಿನ ಮೆಟ್ಟಿಲಿಗೆ ಹೋದಂತೆ ಪರೀಕ್ಷೆಗಳ ಸಂಖ್ಯೆ ಇಳಿಯುತ್ತದೆ, ವೆಚ್ಚ ಏರುತ್ತದೆ. ಗಾಜಿನ ನಾರಿನ ಒಡಲಿನ, 1993ರಲ್ಲಿ ಮೊದಲು ಹಾರಿದ ಬೆಂಗಳೂರಿನ ಎನ್‌ಎಎಲ್‌ನ ಹಂಸ ತರಬೇತಿ ವಿಮಾನವಾಗಲಿ, ಕಾರ್ಬನ್ ನಾರಿನ ರೆಕ್ಕೆಯ ತೇಜಸ್ ಆಗಲಿ, ಈ ಬಗೆಯ ರಚನೆಗಳೇ. ಗಾಳಿಯಂತ್ರದ ಅಲಗುಗಳಿಗೆ ಐಇಸಿ 61400-23 ಮಾನಕ ಪೂರ್ಣ ಗಾತ್ರದ ಅಲಗನ್ನೇ ಬುಡದಲ್ಲಿ ಬಿಗಿದು, ಬಾಗಿಸಿ, ಲಕ್ಷಾಂತರ ಸಲ ಆಡಿಸಿ ಪರೀಕ್ಷಿಸುವ ವಿಧಾನವನ್ನು ವಿವರಿಸುತ್ತದೆ.

ಪರೀಕ್ಷಾ ವರದಿಯಲ್ಲಿ ಏನೇನು ಬರೆದರೆ ಅಂಕಿಯನ್ನು ಮತ್ತೊಬ್ಬರು ಬಳಸಬಹುದು?

ತುಂಡಿನ ಮೂರೂ ಅಳತೆಗಳು ಮತ್ತು ಹಿಡಿತದ ನಡುವಿನ ಉದ್ದ; ಪದರಗಳ ಜೋಡಣೆಯ ಕ್ರಮ, ಅದರಲ್ಲೂ ಒಂದೇ ದಿಕ್ಕಿನ ಪದರಗಳು ಎಷ್ಟು ಒಟ್ಟಿಗೆ ಬಂದಿವೆ ಎಂಬುದು; ಗಟ್ಟಿಯಾದ ಮೇಲಿನ ಪದರದ ದಪ್ಪ; ನಾರಿನ ಪಾಲು ಮತ್ತು ರಂಧ್ರಾಂಶ; ಪ್ರತಿ ತುಂಡಿನ ಸಾಮರ್ಥ್ಯ, ಸರಾಸರಿ ಮಾತ್ರವಲ್ಲ; ಮತ್ತು ಪ್ರತಿ ತುಂಡು ಎಲ್ಲಿ, ಯಾವ ಬಗೆಯಲ್ಲಿ ಮುರಿಯಿತು ಎಂಬುದರ ಫೋಟೊ. ಎರಡು ಗಾತ್ರಗಳ ತುಂಡುಗಳು ಬೇರೆ ಬೇರೆ ಬಗೆಯಲ್ಲಿ ಮುರಿದಿದ್ದರೆ ಅವುಗಳನ್ನು ಒಂದೇ ರೇಖೆಯಲ್ಲಿ ಸೇರಿಸದೆ, ಎರಡು ಬೇರೆ ಫಲಿತಾಂಶಗಳಾಗಿಯೇ ವರದಿ ಮಾಡಬೇಕು.